ವೆನಿಸ್‌ನ ಕಾಲುವೆ ದಂಡೆಯ ವೈನ್ ಅಂಗಡಿಗಳು: ಸಸ್ಯಾಹಾರಿ ಹಿರಿಯರನ್ನು ಕರೆದುಕೊಂಡು ಹೋಗಬಹುದೇ?

ಪ್ರಶ್ನೆ ಕೇಳಿದವರು: ತುಂಗಾತೀರ

ಎಲ್ಲರಿಗೂ ನಮಸ್ಕಾರ.

ಮೇ ತಿಂಗಳ ಎರಡನೆಯ ವಾರದಲ್ಲಿ ನಾನು, ನನ್ನ ಪತ್ನಿ ಮತ್ತು ಎಪ್ಪತ್ತೆರಡು ವರ್ಷದ ನನ್ನ ಅತ್ತೆಯವರು ಮೂರು ರಾತ್ರಿ ವೆನಿಸ್‌ನಲ್ಲಿ ತಂಗಲಿದ್ದೇವೆ. ನಾವಿಬ್ಬರೂ ಮ್ಯೂನಿಕ್‌ನಲ್ಲಿ ಕೆಲಸದಲ್ಲಿದ್ದೇವೆ. ಅತ್ತೆಯವರು ಶಿವಮೊಗ್ಗದಿಂದ ಎರಡು ತಿಂಗಳ ಮಟ್ಟಿಗೆ ನಮ್ಮಲ್ಲಿಗೆ ಬಂದಿದ್ದಾರೆ.

ಹಿಂದೊಮ್ಮೆ ನಾವಿಬ್ಬರೇ ವೆನಿಸ್‌ಗೆ ಹೋಗಿದ್ದಾಗ, ದೊಡ್ಡ ಚೌಕದ ಹಿಂಬದಿಯ ಗಲ್ಲಿಯೊಂದರಲ್ಲಿ ಬಾಗಿಲಲ್ಲಿ ನಿಂತು ಕರೆಯುತ್ತಿದ್ದವರ ಮಾತಿಗೆ ಒಪ್ಪಿ ಒಂದು ಹೋಟೆಲಿನಲ್ಲಿ ಕುಳಿತೆವು. ಮತ್ತೆ ಬಿಸಿ ಮಾಡಿದ ಪಾಸ್ತಾಕ್ಕೆ ದುಬಾರಿ ಬೆಲೆ ತೆತ್ತು ಅರೆಹೊಟ್ಟೆಯಲ್ಲಿ ಎದ್ದು ಬಂದದ್ದು ಇನ್ನೂ ನೆನಪಿದೆ. ಅದೇ ರಾತ್ರಿ ವಸತಿಗೆ ಮರಳುವಾಗ, ಕಾಲುವೆಯ ದಂಡೆಯ ಮೇಲಿನ ಪುಟ್ಟ ವೈನ್ ಅಂಗಡಿಯೊಂದರ ಮುಂದೆ ಮೂವತ್ತು ನಲವತ್ತು ಮಂದಿ, ಒಂದು ಕೈಯಲ್ಲಿ ಸಣ್ಣ ಲೋಟವನ್ನೂ ಇನ್ನೊಂದು ಕೈಯಲ್ಲಿ ಕಾಗದದ ಮೇಲೆ ಎರಡು ಮೂರು ತುಣುಕು ತಿನಿಸನ್ನೂ ಹಿಡಿದು, ನಿಂತುಕೊಂಡೇ ನೆಮ್ಮದಿಯಿಂದ ಮಾತನಾಡುತ್ತಿದ್ದುದನ್ನು ಕಂಡೆವು. ಇಂತಹ ಅಂಗಡಿಗೆ ಬಾಕರೊ ಎಂದೂ, ಆ ತಿನಿಸುಗಳಿಗೆ ಚಿಕೆಟ್ಟಿ ಎಂದೂ ಹೆಸರಿದೆಯೆಂದು ಆಮೇಲೆ ತಿಳಿಯಿತು. ನಾವು ಊಟ ಮಾಡಬೇಕಾಗಿದ್ದದ್ದು ಅಲ್ಲಿಯೇ ಎಂದು ನನ್ನ ಪತ್ನಿ ಈಗಲೂ ಹೇಳುತ್ತಾಳೆ.

ಈ ಸಲ ಒಂದು ಸಂಜೆಯನ್ನಾದರೂ ಹಾಗೆ ಕಳೆಯಬೇಕೆಂಬ ಆಸೆ ನಮ್ಮದು. ಆದರೆ ಅತ್ತೆಯವರು ಶುದ್ಧ ಸಸ್ಯಾಹಾರಿ, ಮೊಟ್ಟೆಯನ್ನೂ ತಿನ್ನುವುದಿಲ್ಲ, ವೈನ್ ಕುಡಿಯುವುದಿಲ್ಲ. ಮಂಡಿನೋವಿನಿಂದಾಗಿ ಕಾಲು ಗಂಟೆಗಿಂತ ಹೆಚ್ಚು ಹೊತ್ತು ನಿಲ್ಲಲಾರರು. ಅವರನ್ನು ವಸತಿಯಲ್ಲಿ ಬಿಟ್ಟು ನಾವಿಬ್ಬರೇ ಹೋಗುವ ಮಾತೇ ಇಲ್ಲ. ಹೊಟ್ಟೆ ತುಂಬುವಷ್ಟು ಆಹಾರ ಇಂತಹ ಕಡೆ ಸಿಗುತ್ತದೆಯೇ, ಅವರಿಗೆ ತಿನ್ನಲು ಏನಿರುತ್ತದೆ, ಕುಡಿಯದವರು ಅಲ್ಲಿಗೆ ಹೋದರೆ ಮುಜುಗರವಾಗುತ್ತದೆಯೇ, ಯಾವ ಭಾಗಕ್ಕೆ ಯಾವ ಹೊತ್ತಿನಲ್ಲಿ ಹೋಗಬೇಕು ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ. ವೈನ್ ಬಗ್ಗೆ ನಮಗಿರುವ ತಿಳಿವಳಿಕೆ ಬಹಳ ಕಡಿಮೆ ಎಂಬುದನ್ನೂ ಮುಂಚಿತವಾಗಿಯೇ ಹೇಳಿಬಿಡುತ್ತೇನೆ.


ಉತ್ತರ: ಪಾದೊವಾ ನಿವಾಸಿ

ನಮಸ್ಕಾರ ಸರ್. ನಾನು ಹನ್ನೊಂದು ವರ್ಷದಿಂದ ಪಾದೊವಾದಲ್ಲಿದ್ದೇನೆ. ರೈಲಿನಲ್ಲಿ ಅರ್ಧ ಗಂಟೆಯಷ್ಟೇ ದೂರವಾದ್ದರಿಂದ ತಿಂಗಳಿಗೊಮ್ಮೆಯಾದರೂ ವೆನಿಸ್‌ಗೆ ಹೋಗುತ್ತೇನೆ, ಹೋದಾಗಲೆಲ್ಲ ಒಂದೆರಡು ಬಾಕರೊಗಳ ಮುಂದೆ ನಿಲ್ಲುತ್ತೇನೆ. ಅತ್ತೆಯವರನ್ನು ಖಂಡಿತ ಕರೆದುಕೊಂಡು ಹೋಗಿ. ಆದರೆ ಅದನ್ನು ರಾತ್ರಿಯ ಊಟದ ಹೋಟೆಲೆಂದು ಭಾವಿಸಿ ಹೋದರೆ ನಿರಾಶೆಯಾಗುತ್ತದೆ. ಬಾಕರೊ ಎಂದರೆ ಊಟಕ್ಕೆ ಮೊದಲು ಕೇರಿಯವರು ಅರ್ಧ ಗಂಟೆ ಕಲೆಯುವ ಜಾಗ. ಒಂದು ಲೋಟ ವೈನ್, ಎರಡು ತುಣುಕು ತಿನಿಸು, ಪರಿಚಯದವರೊಂದಿಗೆ ನಾಲ್ಕು ಮಾತು, ಅನಂತರ ಮನೆಗೆ ಅಥವಾ ಮುಂದಿನ ಬಾಕರೊಗೆ ನಡಿಗೆ. ಒಂದೇ ಕಡೆ ಕುಳಿತು ಹತ್ತು ಬಗೆ ತರಿಸಿಕೊಳ್ಳುವ ಬದಲು ಮೂರು ಕಡೆ ಎರಡೆರಡು ತಿಂದರೆ ಸಂಜೆ ಮುಗಿಯುವ ಹೊತ್ತಿಗೆ ಹೊಟ್ಟೆಯೂ ತುಂಬಿರುತ್ತದೆ, ಊರಿನ ಒಂದು ಭಾಗವನ್ನು ನಡೆದು ನೋಡಿದಂತೆಯೂ ಆಗಿರುತ್ತದೆ.

ಬೆಂಗಳೂರಿನವರಿಗೆ ಇದನ್ನು ವಿವರಿಸುವಾಗ ನಾನು ದರ್ಶಿನಿಯ ಉದಾಹರಣೆ ಕೊಡುತ್ತೇನೆ. ಗಲ್ಲೆಯ ಮುಂದೆ ನಿಂತು, ಗಾಜಿನ ಹಿಂದೆ ಕಾಣುವುದನ್ನು ಬೆರಳಿನಿಂದ ತೋರಿಸಿ, ಹೊರಗೆ ಬಂದು ನಿಂತು ತಿನ್ನುವ ಕ್ರಮ ಎರಡು ಕಡೆಯೂ ಒಂದೇ. ಚಿಕೆಟ್ಟಿ ಎಂದರೆ ಹೆಚ್ಚಾಗಿ ಬ್ರೆಡ್ಡಿನ ತುಣುಕಿನ ಮೇಲೆ ಏನನ್ನಾದರೂ ಹಚ್ಚಿ ಅಥವಾ ಜೋಡಿಸಿ ಇಟ್ಟದ್ದು. ಅದರ ಜೊತೆಗೆ ಕರಿದ ಉಂಡೆಗಳು, ಬೇಯಿಸಿದ ಪಲ್ಲೆಹೂವು (ಆರ್ಟಿಚೋಕ್ ಎಂಬ ತರಕಾರಿ), ಅರ್ಧ ಮೊಟ್ಟೆ, ಸಣ್ಣ ಆಕ್ಟೋಪಸ್ ಇತ್ಯಾದಿ ಇರುತ್ತವೆ. ಒಂದಕ್ಕೆ ಸಾಮಾನ್ಯವಾಗಿ 2 ರಿಂದ 3 ಯೂರೋ ಆಗುತ್ತದೆ. ಗಲ್ಲೆಯ ಬಳಿಯೇ ನಿಂತರೆ ಒಂದು ಬೆಲೆ, ಮೇಜಿಗೆ ತರಿಸಿಕೊಂಡರೆ ಇನ್ನೊಂದು ಬೆಲೆ ಇರುವ ಅಂಗಡಿಗಳುಂಟು. ಮೇಜಿನಲ್ಲಿ ಕುಳಿತವರಿಂದ ತಲೆಗೆ ಇಷ್ಟೆಂದು ಕೊಪೆರ್ತೊ ಎಂಬ ಶುಲ್ಕವನ್ನೂ ಕೆಲವರು ಪಡೆಯುತ್ತಾರೆ. ಇದು ಮೋಸವಲ್ಲ, ಬೆಲೆಪಟ್ಟಿಯಲ್ಲಿ ಬರೆದಿರುತ್ತದೆ. ನಿಮ್ಮ ಅತ್ತೆಯವರಿಗಾಗಿ ಆ ಶುಲ್ಕವನ್ನು ಸಂತೋಷದಿಂದ ಕೊಟ್ಟುಬಿಡಿ.

ವೈನ್ ಕೇಳುವುದಕ್ಕೆ ತಿಳಿವಳಿಕೆ ಬೇಕಾಗಿಲ್ಲ. ಅಲ್ಲಿಯ ಸಣ್ಣ ಲೋಟದ ವೈನಿಗೆ ಒಂಬ್ರಾ ಎಂದು ಹೆಸರು. ಆ ಪದದ ಅರ್ಥ ನೆರಳು. ಸಾನ್ ಮಾರ್ಕೊ ಚೌಕದ ಗಂಟೆಗೋಪುರದ ನೆರಳು ಸರಿದಂತೆಲ್ಲ ವೈನ್ ಮಾರುವವರೂ ತಮ್ಮ ಗಾಡಿಯನ್ನು ಸರಿಸುತ್ತಿದ್ದರು, ಅದರಿಂದ ಈ ಹೆಸರು ಬಂತು ಎಂದು ಊರಿನವರು ಹೇಳುತ್ತಾರೆ. ‘ಉನ್ ಒಂಬ್ರಾ ದಿ ಬಿಯಾಂಕೊ’ ಎಂದರೆ ಬಿಳಿ ವೈನ್, ‘ರೊಸ್ಸೊ’ ಎಂದರೆ ಕೆಂಪು. ಅಂದಿನ ಮನೆ ವೈನನ್ನು ಸುರಿದು ಕೊಡುತ್ತಾರೆ. ಎರಡು ಮೂರು ಗುಟುಕಿನಷ್ಟೇ ಇರುವುದರಿಂದ ಇಷ್ಟವಾಗದಿದ್ದರೂ ನಷ್ಟವಿಲ್ಲ. ಹೆಸರು ಹಿಡಿದು ಕೇಳುವುದಾದರೆ, ವೆರೋನಾ ಕಡೆಯ ಗರ್ಗಾನೆಗಾ ದ್ರಾಕ್ಷಿಯ ಸೋವಾವೆ ಎಂಬ ಬಿಳಿ ವೈನನ್ನು ಮೊದಲು ಕೇಳಿ. ಎಣ್ಣೆ ಮತ್ತು ಮೀನಿನ ತಿನಿಸಿನ ಜೊತೆಗೆ ಅದು ಬಾಯನ್ನು ಹಗುರವಾಗಿಡುತ್ತದೆ. ನೊರೆಯ ಪ್ರೊಸೆಕ್ಕೊ ಕೂಡ ಇದೇ ಪ್ರಾಂತ್ಯದ್ದು. ಅದನ್ನು ಬೆಳೆಯುವ ಕೊನೆಲ್ಯಾನೊ ಮತ್ತು ವಾಲ್ದೊಬ್ಬಿಯಾದೆನೆಯ ಗುಡ್ಡಗಳು 2019ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿವೆ. ಎಲ್ಲರ ಕೈಯಲ್ಲೂ ಕಾಣುವ ಕಿತ್ತಳೆ ಬಣ್ಣದ ಅಥವಾ ಕೆಂಪು ಪಾನೀಯ ಸ್ಪ್ರಿಟ್ಸ್, ಎಂದರೆ ಕಹಿಮದ್ಯಕ್ಕೆ ವೈನ್ ಮತ್ತು ಸೋಡಾ ಬೆರೆಸಿದ್ದು. 1920ರಲ್ಲಿ ವೆನಿಸ್‌ನಲ್ಲಿಯೇ ಹುಟ್ಟಿದ ಸೆಲೆಕ್ಟ್ ಎಂಬ ಕಹಿಮದ್ಯದಿಂದ ಮಾಡಿದ ಸ್ಪ್ರಿಟ್ಸನ್ನು ಒಮ್ಮೆ ಕೇಳಿ ನೋಡಿ. ಅದರೊಳಗೆ ಒಂದು ಹಸಿರು ಆಲಿವ್ ಹಾಕುತ್ತಾರೆ, ಉಪ್ಪಿನ ಆ ಕಾಯಿಯೇ ನನಗೆ ಇಡೀ ಲೋಟಕ್ಕಿಂತ ಪ್ರಿಯ.

ಜಾಗದ ವಿಷಯಕ್ಕೆ ಬಂದರೆ, ಕನ್ನಾರೇಜೊ ಭಾಗದ ಓರ್ಮೆಸಿನಿ ಮತ್ತು ಮಿಸೆರಿಕಾರ್ದಿಯಾ ಎಂಬ ಎರಡು ದಂಡೆಗಳನ್ನು ನಾನು ಸೂಚಿಸುತ್ತೇನೆ. ಇವು ಒಂದೇ ಕಾಲುವೆಯ ಉದ್ದಕ್ಕೂ ಒಂದರ ಮುಂದೆ ಒಂದು ಇವೆ. ದಕ್ಷಿಣಕ್ಕೆ ಮುಖ ಮಾಡಿರುವುದರಿಂದ ಬಿಸಿಲು ಹೆಚ್ಚು ಹೊತ್ತು ಇರುತ್ತದೆ, ನೀರಿನ ಅಂಚಿಗೆ ಮೇಜು ಹಾಕಿರುವ ಅಂಗಡಿಗಳು ಸಾಲಾಗಿವೆ, ಕುಳಿತುಕೊಳ್ಳಬೇಕಾದವರಿಗೆ ಅಲ್ಲಿ ಅವಕಾಶ ಹೆಚ್ಚು. ದೊರ್ಸೊದುರೊ ಭಾಗದ ಸಾನ್ ತ್ರೊವಾಸೊ ಕಾಲುವೆಯ ಬಳಿ, ಗೊಂಡೊಲಾ ದೋಣಿಗಳನ್ನು ರಿಪೇರಿ ಮಾಡುವ ಮರದ ಕಾರ್ಖಾನೆಯ ಎದುರಿಗಿರುವ ಹಳೆಯ ವೈನ್ ಅಂಗಡಿಯೂ ನನಗೆ ಬಹಳ ಪ್ರಿಯ. ಆದರೆ ಅಲ್ಲಿ ಎಲ್ಲರೂ ನಿಂತೇ ತಿನ್ನುತ್ತಾರೆ, ಲೋಟವನ್ನು ಕಾಲುವೆಯ ಗಿಡ್ಡ ಗೋಡೆಯ ಮೇಲೆ ಇಟ್ಟುಕೊಳ್ಳುತ್ತಾರೆ. ಅತ್ತೆಯವರು ಜೊತೆಗಿರುವ ಸಂಜೆಗೆ ಅದು ಬೇಡ.

ಹೊತ್ತಿನ ವಿಷಯದಲ್ಲಿ ನಮ್ಮವರು ತಪ್ಪುವುದೇ ಹೆಚ್ಚು. ರಾತ್ರಿ ಒಂಬತ್ತಕ್ಕೆ ಹೋದರೆ ಗಾಜಿನ ಪೆಟ್ಟಿಗೆ ಖಾಲಿಯಾಗಿರುತ್ತದೆ. ಹಳೆಯ ಕ್ರಮದ ಅನೇಕ ಬಾಕರೊಗಳು ಎಂಟು, ಎಂಟೂವರೆಗೆ ಬಾಗಿಲು ಹಾಕುತ್ತವೆ. ರಿಯಾಲ್ತೊ ಮಾರುಕಟ್ಟೆಯ ಸುತ್ತಲಿನ ಕೆಲವು ಮಧ್ಯಾಹ್ನಕ್ಕೇ ಮುಗಿಸುತ್ತವೆ. ಭಾನುವಾರ ಬಹಳಷ್ಟು ಮುಚ್ಚಿರುತ್ತವೆ. ಮೇ ತಿಂಗಳಲ್ಲಿ ಸೂರ್ಯ ಮುಳುಗುವುದು ರಾತ್ರಿ ಎಂಟೂವರೆಯ ಆಸುಪಾಸಿನಲ್ಲಿ. ಆದ್ದರಿಂದ ಸಂಜೆ ಐದೂವರೆಗೇ ಹೋಗಿಬಿಡಿ. ಆಗ ತಿನಿಸು ತಾಜಾ ಇರುತ್ತದೆ, ಮೇಜು ಸಿಗುತ್ತದೆ, ಅಂಗಡಿಯವರಿಗೂ ನಿಮ್ಮ ಪ್ರಶ್ನೆಗಳಿಗೆ ಉತ್ತರಿಸುವ ಬಿಡುವು ಇರುತ್ತದೆ. ಸೊಳ್ಳೆಗಳು ಕತ್ತಲಾದ ಮೇಲೆ ಹೆಚ್ಚು. ಅತ್ತೆಯವರಿಗೆ ತೆಳುವಾದ ಒಂದು ಶಾಲು ಇರಲಿ.


ಉತ್ತರ: ಮಲಪ್ರಭಾ

ನಾನು ಧಾರವಾಡದವಳು, ಹುಟ್ಟು ಸಸ್ಯಾಹಾರಿ. ಎರಡು ವರ್ಷದ ಹಿಂದೆ ಅಕ್ಟೋಬರಿನಲ್ಲಿ ನಾಲ್ಕು ದಿನ ವೆನಿಸ್‌ನಲ್ಲಿದ್ದೆ, ಎರಡು ಸಂಜೆ ಚಿಕೆಟ್ಟಿಯನ್ನೇ ತಿಂದು ಕಳೆದೆ. ತಿನ್ನಲು ಸಿಗುತ್ತದೆ, ಆದರೆ ಎಚ್ಚರ ಬೇಕು. ಏಕೆಂದರೆ ಅಲ್ಲಿ ಮೀನು ಮತ್ತು ಮಾಂಸ ಕಣ್ಣಿಗೆ ಕಾಣುವ ಕಡೆ ಮಾತ್ರವಲ್ಲ, ಕಾಣದ ಕಡೆಯೂ ಇರುತ್ತವೆ.

ಬಂಗಾರದ ಬಣ್ಣಕ್ಕೆ ಕರಿದ ಚೌಕಾಕಾರದ ಬ್ರೆಡ್ಡನ್ನು ಕಂಡು ನಮ್ಮ ಬ್ರೆಡ್ ಪಕೋಡ ಎಂದುಕೊಂಡು ನಾನು ಕೈ ಹಾಕಿದ್ದೆ. ಅದರ ಹೆಸರು ಮೊತ್ಸರೆಲ್ಲಾ ಇನ್ ಕರ‍್ರೊತ್ಸಾ. ಒಳಗೆ ಚೀಸು ಇರುತ್ತದೆ ಎಂಬುದು ನಿಜ, ಆದರೆ ವೆನಿಸ್‌ನಲ್ಲಿ ಆ ಚೀಸಿನ ಜೊತೆಗೆ ಆಂಚೊವಿ ಮೀನನ್ನೋ ಹಂದಿಮಾಂಸದ ಹಾಳೆಯನ್ನೋ ಇಡುವುದು ವಾಡಿಕೆ. ಪಕ್ಕದಲ್ಲಿದ್ದ ಹೆಂಗಸೊಬ್ಬರು ನಾನು ಬಾಯಿಗಿಡುವ ಮೊದಲೇ ತಡೆದು ಹೇಳಿದ್ದರಿಂದ ಉಳಿದುಕೊಂಡೆ. ಆಲಿವ್ ಕಾಯಿಯನ್ನು ಕರಿದಿದ್ದರೆ ಅದರೊಳಗೆ ಮಾಂಸ ತುಂಬಿರುತ್ತಾರೆ. ಪೊಲ್ಪೆತ್ತೆ ಎಂಬ ಉಂಡೆಗಳು ಬದನೆಕಾಯಿಯವೂ ಇರಬಹುದು, ಮಾಂಸದವೂ ಇರಬಹುದು, ನೋಡಿದರೆ ತಿಳಿಯುವುದಿಲ್ಲ. ತ್ರಮೆತ್ಸಿನಿ ಎಂಬ ಮೆತ್ತನೆಯ ತ್ರಿಕೋನ ಸ್ಯಾಂಡ್‌ವಿಚ್‌ಗಳಿಗೆ ಸಾಮಾನ್ಯವಾಗಿ ಮೇಯೊನೇಸ್ ಹಚ್ಚಿರುವುದರಿಂದ ಮೊಟ್ಟೆ ತಿನ್ನದವರಿಗೆ ಅವು ಆಗುವುದಿಲ್ಲ. ‘ಸೆಂತ್ಸಾ ಕಾರ್ನೆ, ಸೆಂತ್ಸಾ ಪೆಶೆ, ಸೆಂತ್ಸಾ ಉವೋವಾ’ ಎಂದು ಕಾಗದದಲ್ಲಿ ರೋಮನ್ ಲಿಪಿಯಲ್ಲಿಯೇ (senza carne, senza pesce, senza uova) ಬರೆದು ತೋರಿಸಿ: ಮಾಂಸವಿಲ್ಲದೆ, ಮೀನಿಲ್ಲದೆ, ಮೊಟ್ಟೆಯಿಲ್ಲದೆ. ‘ಸಸ್ಯಾಹಾರಿ’ ಎಂಬ ಒಂದೇ ಪದ ಹೇಳಿದರೆ ಮೀನು ನಡೆಯುತ್ತದೆ ಎಂದುಕೊಳ್ಳುವವರು ನನಗೆ ಇಬ್ಬರು ಸಿಕ್ಕಿದ್ದರು.

ಇನ್ನು ತಿನ್ನಬಹುದಾದವು. ಮೇ ತಿಂಗಳಲ್ಲಿ ಹೋಗುತ್ತಿರುವ ನೀವು ಭಾಗ್ಯವಂತರು. ವೆನಿಸ್‌ನ ಹಿನ್ನೀರಿನ ನಡುವೆ ಸಾಂತ್ ಎರಾಸ್ಮೊ ಎಂಬ ತೋಟಗಳ ದ್ವೀಪವಿದೆ, ಅಲ್ಲಿಯ ನೇರಳೆ ಬಣ್ಣದ ಪಲ್ಲೆಹೂವು ವಸಂತದಲ್ಲಿಯೇ ಬರುವುದು. ಪಲ್ಲೆಹೂವಿನ ಬುಡದ ಬಿಲ್ಲೆಯನ್ನು ಬೆಳ್ಳುಳ್ಳಿ, ಎಣ್ಣೆ ಮತ್ತು ಪಾರ್ಸ್ಲಿ ಸೊಪ್ಪಿನೊಂದಿಗೆ ಬೇಯಿಸಿ ಇಟ್ಟಿರುತ್ತಾರೆ. ಕಚ್ಚಿದರೆ ಬಾಳೆದಿಂಡಿಗೂ ಬೆಂದ ಆಲೂಗಡ್ಡೆಗೂ ನಡುವಿನ ಮೆದು. ಇದನ್ನು ಅತ್ತೆಯವರು ಖಂಡಿತ ಮೆಚ್ಚುತ್ತಾರೆ. ಬಾಸ್ಸಾನೊ ಊರಿನ ಬಿಳಿ ಆಸ್ಪರಾಗಸ್ಸಿಗೂ ಅದೇ ಕಾಲ, ಆದರೆ ಅದರ ಜೊತೆ ಮೊಟ್ಟೆ ಸೇರಿಸುವ ಪದ್ಧತಿಯಿರುವುದರಿಂದ ಕೇಳಿಯೇ ತೆಗೆದುಕೊಳ್ಳಿ. ಬಿಳಿ ಮೆಕ್ಕೆಜೋಳದ ಹಿಟ್ಟನ್ನು ಬೇಯಿಸಿ ಮಾಡುವ ಪೊಲೆಂಟಾವನ್ನು ಗಟ್ಟಿಯಾಗಿಸಿ, ಹೋಳು ಮಾಡಿ, ಕಾವಲಿಯ ಮೇಲೆ ಸುಟ್ಟು ಕೊಡುವುದೂ ಉಂಟು. ಮುದ್ದೆ ತಿಂದು ಬೆಳೆದವರಿಗೆ ಅದು ಪರಕೀಯ ಎನಿಸುವುದಿಲ್ಲ.

ನನ್ನ ಮನಸ್ಸಿನಲ್ಲಿ ಉಳಿದದ್ದು ಸಾವೋರ್. ಮೂಲತಃ ಅದು ಸಾರ್ಡಿನ್ ಮೀನಿನದು: ಕರಿದ ಮೀನಿನ ಮೇಲೆ ನಿಧಾನವಾಗಿ ಬಾಡಿಸಿದ ಈರುಳ್ಳಿ, ವಿನಿಗರ್, ಒಣದ್ರಾಕ್ಷಿ ಮತ್ತು ಪೈನ್ ಬೀಜ ಹಾಕಿ ಒಂದೆರಡು ದಿನ ಇಡುತ್ತಾರೆ. ಸಮುದ್ರಯಾನದಲ್ಲಿ ಕೆಡದಂತೆ ಮೀನನ್ನು ಉಳಿಸಿಕೊಳ್ಳಲು ಹುಟ್ಟಿದ ಅಡುಗೆಯಂತೆ. ಅದೇ ಕ್ರಮದಲ್ಲಿ ಕುಂಬಳಕಾಯಿ, ಬದನೆಕಾಯಿಗಳನ್ನೂ ಮಾಡುತ್ತಾರೆ. ನಾನು ತಿಂದದ್ದು ಕುಂಬಳಕಾಯಿಯದು. ಹುಳಿ, ಸಿಹಿ, ಈರುಳ್ಳಿಯ ಮೃದುವಾದ ಘಾಟು ಎಲ್ಲ ಒಟ್ಟಿಗೆ ನಾಲಗೆಗೆ ತಾಗಿದಾಗ, ನಮ್ಮಜ್ಜಿ ಮಾಡುತ್ತಿದ್ದ ಗೊಜ್ಜಿನಲ್ಲಿ ಖಾರವೊಂದನ್ನು ಬಿಟ್ಟರೆ ಹೇಗಿರಬಹುದೋ ಹಾಗೆಯೇ ಇತ್ತು. ಕುಂಬಳ ಚಳಿಗಾಲದ ತರಕಾರಿ, ಮೇ ತಿಂಗಳಲ್ಲಿ ಬದನೆಯದು ಇದ್ದರೆ ಕೇಳಿ ನೋಡಿ. ಕರಿಯುವ ಎಣ್ಣೆ ಮೀನಿಗೂ ತರಕಾರಿಗೂ ಒಂದೇ ಇರಬಹುದು ಎಂಬುದನ್ನು ಮಾತ್ರ ಅತ್ತೆಯವರಿಗೆ ಮೊದಲೇ ತಿಳಿಸಿಬಿಡಿ, ನಿರ್ಧಾರ ಅವರದಾಗಲಿ. ಚೀಸಿನ ವಿಷಯವೂ ಹಾಗೆಯೇ: ಗೊರ್ಗೊನ್ಸೋಲಾ, ಪಾರ್ಮಿಜಾನೊ ಮುಂತಾದವುಗಳಿಗೆ ಹಾಲನ್ನು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಎಂಬ ವಸ್ತುವನ್ನು ಬಳಸುತ್ತಾರೆ. ಇದನ್ನು ಮುಚ್ಚಿಟ್ಟು ಹಿರಿಯರಿಗೆ ತಿನ್ನಿಸುವುದು ಸರಿಯಲ್ಲ ಎಂದು ನನ್ನ ಅಭಿಪ್ರಾಯ.


ಉತ್ತರ: ಹಂಪಿ ಹಾದಿ

ಮೇಲಿನ ಇಬ್ಬರೂ ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಸಂಜೆಗೆ ಮೂರು ಬಾಕರೊ ಸುತ್ತುವ ಸಲಹೆಗೆ ನನ್ನದೊಂದು ತಕರಾರಿದೆ. ದ್ವೀಪನಗರದಲ್ಲಿ 1951ರಲ್ಲಿ ಸುಮಾರು 1,75,000 ಜನ ವಾಸವಾಗಿದ್ದರು. 2022ರಲ್ಲಿ ಆ ಸಂಖ್ಯೆ 50,000ಕ್ಕಿಂತ ಕೆಳಗಿಳಿಯಿತು. ಉಳಿದಿರುವ ಈ ಜನರು ತಮ್ಮ ಕೇರಿಯ ಅಂಗಡಿಯ ಮುಂದೆ ನಿಲ್ಲಲು ಜಾಗವಿಲ್ಲದೆ ಮರಳುವುದನ್ನು ನಾನೇ ನೋಡಿದ್ದೇನೆ. ಒಂದೇ ಅಂಗಡಿಗೆ ಎರಡು ಸಂಜೆ ಹೋಗಿ. ಎರಡನೆಯ ದಿನ ಅಂಗಡಿಯವರು ನಿಮ್ಮ ಅತ್ತೆಯವರ ಮುಖ ಗುರುತಿಸುತ್ತಾರೆ, ಅವರಿಗೆ ಏನು ಬೇಕು, ಏನು ಬೇಡ ಎಂಬುದನ್ನು ಮತ್ತೆ ವಿವರಿಸುವ ಪ್ರಮೇಯ ಬರುವುದಿಲ್ಲ. ಸೇತುವೆಯ ಮೆಟ್ಟಿಲುಗಳ ಮೇಲೆ, ಚರ್ಚಿನ ಕಟ್ಟೆಗಳ ಮೇಲೆ ಕುಳಿತು ತಿನ್ನಬೇಡಿ. ಅದಕ್ಕೆ ನಗರಾಡಳಿತ ದಂಡ ಹಾಕುತ್ತದೆ, ದಂಡವಿರಲಿ ಬಿಡಲಿ, ಅದು ನಡೆದು ಹೋಗುವವರ ದಾರಿ.

ಇತಿಹಾಸದಲ್ಲಿ ಆಸಕ್ತಿಯುಳ್ಳವನಾದ್ದರಿಂದ ಒಂದು ಮಾತು ಸೇರಿಸುತ್ತೇನೆ. ಪಾದೊವಾ ನಿವಾಸಿಯವರು ಹೇಳಿದ ಓರ್ಮೆಸಿನಿ ದಂಡೆಗೆ ಆ ಹೆಸರು ಬಂದದ್ದು ಪರ್ಷಿಯಾ ಕೊಲ್ಲಿಯ ಬಾಯಲ್ಲಿರುವ ಹೋರ್ಮುಜ್ ಬಂದರಿನ ಕಡೆಯಿಂದ ಬರುತ್ತಿದ್ದ ರೇಷ್ಮೆಬಟ್ಟೆಯಿಂದ. ಅಂತಹ ಬಟ್ಟೆಯನ್ನು ಅಲ್ಲಿ ನೇಯುತ್ತಿದ್ದರು, ಮಾರುತ್ತಿದ್ದರು. ಅದೇ ಹೋರ್ಮುಜ್‌ನಿಂದ ಭಟ್ಕಳ, ಗೋವೆಗಳ ಮೂಲಕ ವಿಜಯನಗರಕ್ಕೆ ಕುದುರೆಗಳು ಬರುತ್ತಿದ್ದವು. ವೆನಿಸ್‌ನ ವರ್ತಕ ನಿಕೊಲೊ ದೆ ಕೊಂತಿ ವಿಜಯನಗರವನ್ನು ಕಂಡದ್ದು 1420ರ ಸುಮಾರಿಗೆ. ಅವನು ಊರಿಗೆ ಮರಳುವ ಮೊದಲೇ, 1432ರಲ್ಲಿ, ಪಿಯೆತ್ರೊ ಕ್ವೆರಿನಿ ಎಂಬ ಇನ್ನೊಬ್ಬ ವೆನಿಸಿಗನ ಹಡಗು ಒಡೆದು, ಬದುಕುಳಿದವರು ನಾರ್ವೆಯ ರ‍್ಯೋಸ್ಟ್ ದ್ವೀಪ ಸೇರಿದರು. ಗಾಳಿಗೆ ಒಣಗಿಸಿದ ಅಲ್ಲಿಯ ಕಾಡ್ ಮೀನನ್ನು ವೆನಿಸ್‌ಗೆ ಪರಿಚಯಿಸಿದ್ದು ಇವರೇ ಎಂದು ವೆನಿಸಿಗರು ನಂಬುತ್ತಾರೆ. ಆ ಮೀನನ್ನು ಬೇಯಿಸಿ, ಎಣ್ಣೆ ಹಾಕುತ್ತಾ ಬೆಣ್ಣೆಯಂತೆ ಕಡೆದ ಬಕ್ಕಲಾ ಮಂತೆಕಾತೊ ಇಂದಿಗೂ ಪ್ರತಿ ಬಾಕರೊದ ಗಾಜಿನ ಪೆಟ್ಟಿಗೆಯಲ್ಲಿರುತ್ತದೆ. ಬೆಳ್ಳಗೆ, ಕೆನೆಯಂತೆ ಕಾಣುವ ಅದನ್ನು ಚೀಸೆಂದು ತಪ್ಪು ತಿಳಿಯುವ ಸಾಧ್ಯತೆ ಬಹಳವಿದೆ. ಮಲಪ್ರಭಾ ಅವರ ಎಚ್ಚರಿಕೆಯ ಪಟ್ಟಿಗೆ ಇದನ್ನೂ ಸೇರಿಸಿಕೊಳ್ಳಿ.


ಮರುಪ್ರಶ್ನೆ: ತುಂಗಾತೀರ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಇವನ್ನೆಲ್ಲ ನಿನ್ನೆ ರಾತ್ರಿ ಅತ್ತೆಯವರಿಗೆ ಓದಿ ಹೇಳಿದೆ. ರೆನೆಟ್ ವಿಷಯ ಕೇಳಿ ಚೀಸು ಬೇಡವೆಂದರು. ಎಣ್ಣೆಯ ವಿಷಯ ಕೇಳಿ ಕರಿದದ್ದೂ ಬೇಡವೆಂದರು. ಪಲ್ಲೆಹೂವು ಮತ್ತು ಪೊಲೆಂಟಾಕ್ಕೆ ಒಪ್ಪಿದ್ದಾರೆ. ಒಂದೇ ಅಂಗಡಿಗೆ ಎರಡು ಸಂಜೆ ಹೋಗುವ ಸಲಹೆ ನಮಗೆಲ್ಲರಿಗೂ ಹಿಡಿಸಿತು. ಇನ್ನು ಮೂರು ಸಂದೇಹಗಳು ಉಳಿದಿವೆ. ಅತ್ತೆಯವರಿಗೆ ಕುಡಿಯಲು ಏನು ಕೇಳಬೇಕು? ಸೇತುವೆಗಳ ಮೆಟ್ಟಿಲು ಕಡಿಮೆಯಿರುವ ದಾರಿ ಯಾವುದು? ಅವರು ಶಿವಮೊಗ್ಗದಿಂದ ಚಟ್ನಿಪುಡಿ ತಂದಿದ್ದಾರೆ, ಪೊಲೆಂಟಾದ ಜೊತೆಗೆ ಅದನ್ನು ಅಲ್ಲಿ ಹಾಕಿಕೊಂಡರೆ ಅಂಗಡಿಯವರಿಗೆ ಬೇಸರವಾಗುತ್ತದೆಯೇ?


ಉತ್ತರ: ಪಾದೊವಾ ನಿವಾಸಿ

ಹಂಪಿ ಹಾದಿಯವರ ತಕರಾರು ನ್ಯಾಯವಾದದ್ದು. ಸುತ್ತುವುದು ಸ್ಥಳೀಯರ ಪದ್ಧತಿಯೇ ಆದರೂ, ಹಿರಿಯರ ಜೊತೆ ಹೋಗುವವರಿಗೆ ಅವರು ಹೇಳಿದ್ದೇ ಒಳ್ಳೆಯದು.

ಕುಡಿಯಲು ಕ್ರೊದೀನೊ ಕೇಳಿ. ಕಿತ್ತಳೆ ಬಣ್ಣದ, ಮದ್ಯವಿಲ್ಲದ, ತುಸು ಕಹಿಯಾದ ಪಾನೀಯ. ಪುಟ್ಟ ಬಾಟಲಿಯಲ್ಲಿ ಬರುತ್ತದೆ, ಲೋಟಕ್ಕೆ ಹಾಕಿದರೆ ಸ್ಪ್ರಿಟ್ಸಿನಂತೆಯೇ ಕಾಣುತ್ತದೆ. ಕಹಿ ಹಿಡಿಸದಿದ್ದರೆ ಹಣ್ಣಿನ ರಸವಿದೆ. ಕುಡಿಯದವರನ್ನು ಅಲ್ಲಿ ಯಾರೂ ಬೇರೆ ದೃಷ್ಟಿಯಿಂದ ನೋಡುವುದಿಲ್ಲ. ಮಕ್ಕಳನ್ನೂ ಅಜ್ಜಿಯರನ್ನೂ ಕರೆತರುವ ಜಾಗವದು. ನಿಮ್ಮ ಪಕ್ಕದ ಮೇಜಿನಲ್ಲಿಯೂ ನಿಮ್ಮ ಅತ್ತೆಯವರ ವಯಸ್ಸಿನವರು ಕುಳಿತಿರುವ ಸಾಧ್ಯತೆ ಹೆಚ್ಚು.

ದಾರಿಗೆ, ದೊಡ್ಡ ಕಾಲುವೆಯ 1ನೆಯ ಸಂಖ್ಯೆಯ ವಪೊರೆತ್ತೊ ಎಂಬ ಸಾರ್ವಜನಿಕ ದೋಣಿಯಲ್ಲಿ ಬಂದು ಸಾನ್ ಮಾರ್ಕುವೋಲಾ ನಿಲ್ದಾಣದಲ್ಲಿ ಇಳಿಯಿರಿ. ಅಲ್ಲಿಂದ ಓರ್ಮೆಸಿನಿ ದಂಡೆಗೆ ನಿಧಾನವಾಗಿ ನಡೆದರೂ ಹತ್ತು ಹದಿನೈದು ನಿಮಿಷ ಸಾಕು. ಸೇತುವೆಯನ್ನು ಪೂರ್ತಿ ತಪ್ಪಿಸಲು ಆಗುವುದಿಲ್ಲ, ಆದರೆ ರೈಲು ನಿಲ್ದಾಣದಿಂದ ನಡೆದು ಬರುವುದಕ್ಕಿಂತ ಇದು ಮಂಡಿಗೆ ಹಗುರ. ವಸತಿ ಊರೊಳಗೆ ಇರುವುದರಿಂದ ಹಗಲು ಬಂದು ಹೋಗುವವರಿಗೆ 2024ರಿಂದ ಕೆಲವು ದಿನಗಳಲ್ಲಿ ವಿಧಿಸುತ್ತಿರುವ ಪ್ರವೇಶ ಶುಲ್ಕ ನಿಮಗೆ ಅನ್ವಯಿಸುವುದಿಲ್ಲ, ಆದರೂ ವಿನಾಯಿತಿಗೆ ಹೆಸರು ನೋಂದಾಯಿಸಬೇಕೇ ಎಂದು ವಸತಿಯವರನ್ನು ಕೇಳಿಕೊಳ್ಳಿ.

ಚಟ್ನಿಪುಡಿಯ ವಿಷಯವನ್ನು ಮಲಪ್ರಭಾ ಅವರಿಗೆ ಬಿಡುತ್ತೇನೆ.


ಉತ್ತರ: ಮಲಪ್ರಭಾ

ಹೊರಗಿನ ತಿನಿಸನ್ನು ಅಂಗಡಿಯ ಮೇಜಿನ ಮೇಲೆ ಬಿಚ್ಚಿ ಇಡುವುದನ್ನು ಯಾವ ಊರಿನ ಅಂಗಡಿಯವರೂ ಇಷ್ಟಪಡುವುದಿಲ್ಲ, ಅದು ಸಹಜ. ಮೊದಲ ದಿನ ಬೇಡ. ಪೊಲೆಂಟಾವನ್ನೂ ಪಲ್ಲೆಹೂವನ್ನೂ ಅವರು ಕೊಟ್ಟಂತೆಯೇ ಅತ್ತೆಯವರು ತಿಂದು ನೋಡಲಿ. ಮೇಲೆ ಒಳ್ಳೆಯ ಆಲಿವ್ ಎಣ್ಣೆ ಮತ್ತು ಕರಿಮೆಣಸಿನ ಪುಡಿಯನ್ನು ಕೇಳಿದರೆ ಹಾಕಿಕೊಡುತ್ತಾರೆ. ಎರಡನೆಯ ದಿನ ಪರಿಚಯವಾದ ಮೇಲೆ, ಚಿಕ್ಕ ಡಬ್ಬಿಯಲ್ಲಿ ಒಂದು ಚಮಚದಷ್ಟು ಪುಡಿಯನ್ನು ಕೊಂಡುಹೋಗಿ, ಮೊದಲು ಅಂಗಡಿಯವರಿಗೆ ತೋರಿಸಿ, ಅವರಿಗೂ ರುಚಿಗೆ ಕೊಟ್ಟು, ಒಪ್ಪಿಗೆ ಕೇಳಿ. ಪುಡಿಯಲ್ಲಿ ಶೇಂಗಾ ಇದ್ದರೆ ಕೊಡುವ ಮೊದಲೇ ಹೇಳಿಬಿಡಿ, ಅದಕ್ಕೆ ಅಲರ್ಜಿ ಇರುವವರು ಇರಬಹುದು.